ಸ್ಪ್ರಾಕೆಟ್ ಬದಲಿಸಿ, ಆದರೆ ಚೈನ್ ಕವರ್ ಗೋಡೆಗೆ ನೇತುಹಾಕಬೇಡಿ

ನಮ್ಮ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದೆ ನಾವು ಗಾಡಿ ರಿಪೇರಿಗೆ ಬಿಡುವ ಗ್ಯಾರೇಜಿದೆ. ಅದರ ಒಳಗೋಡೆಗೆ ಮೊಳೆ ಹೊಡೆದು ಸಾಲಾಗಿ ಚೈನ್ ಕವರ್ ನೇತುಹಾಕಿದ್ದಾರೆ. ಕಪ್ಪು, ಬೂದು, ಅಲ್ಲಲ್ಲಿ ತುಕ್ಕು ಹಿಡಿದವು, ಜೇಡ ಬಲೆ ಕಟ್ಟಿದವು. ಹೋದ ವಾರ ಚಹಾ ಬರುವವರೆಗೆ ಸುಮ್ಮನೆ ಎಣಿಸಿದೆವು. 11 ಇದ್ದವು. ಅಂದರೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕಡಿಮೆಯೆಂದರೂ 11 ಗಾಡಿಗಳು ಚೈನು ತೆರೆದುಕೊಂಡು ಓಡುತ್ತಿವೆ. ಆ ಸಾಲಿನಲ್ಲಿ ಒಂದು ಕವರ್ ನಮ್ಮ ಗಾಡಿಯದೇ ಆಗಿತ್ತು. ಅದಕ್ಕೇ ಈ ಬರಹ.

ನಾವು ಅಂದರೆ ಇಬ್ಬರು. ಒಬ್ಬ ಬರೆಯುವವನು, ಒಬ್ಬ ಫೋಟೊ, ವಿಡಿಯೊ ಮಾಡುವವನು. ಇಬ್ಬರಿಗೂ ಸೇರಿ ಒಂದೇ ಬೈಕು. ಬೆಂಗಳೂರಿನ ಹುಡುಗರು ಶನಿವಾರ, ಭಾನುವಾರ ದೊಡ್ಡ ದೊಡ್ಡ ಗಾಡಿಗೆ ಎರಡೂ ಬದಿ ಪೆಟ್ಟಿಗೆ ಕಟ್ಟಿಕೊಂಡು ಆಗುಂಬೆ ಕಡೆ ಬರುತ್ತಾರಲ್ಲ, ಅದಕ್ಕೆ ಟೂರಿಂಗ್ ಅನ್ನುತ್ತಾರೆ. ನಾವು ವಾರದ ಏಳೂ ದಿನ ಕ್ಯಾಮೆರಾ ಬ್ಯಾಗು, ರೈನ್‌ಕೋಟು, ಬುತ್ತಿ ಕಟ್ಟಿಕೊಂಡು ತಾಲ್ಲೂಕಿನ ಈ ತುದಿಯಿಂದ ಆ ತುದಿಗೆ ತಿರುಗುತ್ತೇವೆ. ಅದಕ್ಕೆ ಹೆಸರೇನೂ ಇಲ್ಲ. ಪೆಟ್ರೋಲು ನಮ್ಮದೇ ಜೇಬಿನಿಂದ. ಸುದ್ದಿ ಅಚ್ಚಾದರೆ ಅದರ ಅಳತೆಗೆ ತಕ್ಕ ದುಡ್ಡು, ಆಗದಿದ್ದರೆ ಓಡಾಡಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ 'ಲೀಟರಿಗೆ ನಾಲ್ಕು ಕಿಲೋಮೀಟರ್ ಜಾಸ್ತಿ ಕೊಡಿಸ್ತೇನೆ' ಅಂತ ಯಾರಾದರೂ ಹೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ.

ಮೆಕ್ಯಾನಿಕ್ ಹೇಳಿದ್ದು ಅದನ್ನೇ. 'ಎಂತ ಇಲ್ಲ ಸರ್, ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ದೊಡ್ಡದು ಹಾಕಿದ್ರೆ ಆಯ್ತು. ಇಂಜಿನ್ ನಿಧಾನ ತಿರುಗ್ತದೆ, ಗಾಡಿ ಜೋರು ಹೋಗ್ತದೆ.'

ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಲೆಕ್ಕ ಬಿಡಿಸಿ ನೋಡೋಣ. ಗಾಡಿಯಿಂದ ಗಾಡಿಗೆ ಹಲ್ಲಿನ ಸಂಖ್ಯೆ ಬೇರೆ ಇರುತ್ತದೆ, ನಿಮ್ಮದನ್ನು ನೀವೇ ಎಣಿಸಿಕೊಳ್ಳಿ. ನಮ್ಮದರಲ್ಲಿ ಇಂಜಿನ್ ಪಕ್ಕದ ಚಿಕ್ಕ ಸ್ಪ್ರಾಕೆಟ್ಟಿಗೆ 14 ಹಲ್ಲು, ಹಿಂದಿನ ಚಕ್ರದ್ದಕ್ಕೆ 42. ಮುಂದಿನದು ಮೂರು ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು. ಮುಂದೆ 15 ಹಾಕಿದರೆ ಅದು 2.8 ಸುತ್ತಿಗೇ ಚಕ್ರವನ್ನು ಒಂದು ಸುತ್ತು ತಿರುಗಿಸಬೇಕು. ಅದೇ ವೇಗಕ್ಕೆ ಇಂಜಿನ್ ನೂರಕ್ಕೆ ಸುಮಾರು ಏಳರಷ್ಟು ಕಡಿಮೆ ತಿರುಗುತ್ತದೆ. ಇಲ್ಲಿವರೆಗೆ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೆ ಚಕ್ರಕ್ಕೆ ಸಿಗುವ ಎಳೆಯುವ ಬಲವೂ ಅಷ್ಟೇ ಕಡಿಮೆಯಾಗುತ್ತದೆ. ಗೇರ್ ಸೈಕಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಯಲಿನಲ್ಲಿ ಹಗುರಕ್ಕೆ ಓಡುವ ಗೇರು ದಿಬ್ಬದಲ್ಲಿ ತೊಡೆ ಹಿಡಿಯುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮುಂದಿನದರ ಒಂದು ಹಲ್ಲು ಹಿಂದಿನದರ ಮೂರು ಹಲ್ಲಿಗೆ ಸಮ. ಹಿಂದೆ 42 ಇದ್ದದ್ದು 43 ಆದರೆ ವ್ಯತ್ಯಾಸ ನೂರಕ್ಕೆ ಎರಡೂವರೆಯೂ ಇಲ್ಲ. ಮುಂದೆ 14 ಇದ್ದದ್ದು 13 ಆದರೆ ಎಂಟರ ಹತ್ತಿರ. ಹಾಗಾಗಿ 'ಒಂದೇ ಹಲ್ಲು ಅಲ್ವಾ' ಅನ್ನುವ ಮೊದಲು ಯಾವ ಕಡೆಯ ಹಲ್ಲು ಅಂತ ಕೇಳಿ.

ಆ ದೊಡ್ಡ ಟೂರಿಂಗ್ ಗಾಡಿಯವರೂ ಈ ಆಟ ಆಡುತ್ತಾರೆ. ಹಿಂದಿನ ತಲೆಮಾರಿನ ಕೆಟಿಎಂ 390ಕ್ಕೆ ಕಂಪನಿ ಕೊಡುತ್ತಿದ್ದುದು ಮುಂದೆ 15, ಹಿಂದೆ 45. ಕಲ್ಲುದಾರಿ, ಬೆಟ್ಟದ ದಾರಿಗೆ ಹೋಗುವವರು ಮುಂದಿನದನ್ನು 14 ಮಾಡಿಸಿಕೊಳ್ಳುತ್ತಾರೆ. ಇನ್ನೂ ದೊಡ್ಡವುಗಳಲ್ಲಿ ಕೆಲವಕ್ಕೆ ಚೈನೇ ಇಲ್ಲ. ಹೊಂಡಾ ಗೋಲ್ಡ್ ವಿಂಗ್, ಬಿಎಂಡಬ್ಲ್ಯುವಿನ ದೊಡ್ಡ ಜಿಎಸ್ ತರಹದವಕ್ಕೆ ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಶಾಫ್ಟು, ಕೊನೆಯಲ್ಲಿ ನಮ್ಮ ಟ್ರ್ಯಾಕ್ಟರು, ಜೀಪಿನಲ್ಲಿರುವಂಥದೇ ಕ್ರೌನ್, ಪಿನಿಯನ್. ಅಲ್ಲಿ ಅನುಪಾತ ಬದಲಿಸಬೇಕೆಂದರೆ ಪೆಟ್ಟಿಗೆ ಬಿಚ್ಚಿ, ಹಲ್ಲಿಗೆ ಹಲ್ಲು ಕೂರುವ ಸಂದನ್ನು ತೆಳು ವಾಷರ್ ಹಾಕಿ ಹೊಂದಿಸಬೇಕು. ಆ ತಲೆನೋವು ಬೇಡವೆಂದು ಅಮೆರಿಕದಲ್ಲಿ ಯಮಹಾ ವೆಂಚರ್ ಇಟ್ಟುಕೊಂಡವರು ಅದೇ ಕಂಪನಿಯ ವಿ-ಮ್ಯಾಕ್ಸ್ ಗಾಡಿಯ ಹಿಂದಿನ ಗೇರ್ ಪೆಟ್ಟಿಗೆಯನ್ನೇ ಇಡಿಯಾಗಿ ತಂದು ಕೂಡಿಸಿಕೊಳ್ಳುತ್ತಾರೆ. ಶಾಫ್ಟಿನ ಗಾಡಿಯಲ್ಲಿ ಒಂದು ಅನುಕೂಲವಿದೆ. ತಿರುಗುವುದೆಲ್ಲ ಲೋಹದ ಪೆಟ್ಟಿಗೆಯೊಳಗೆ. ಸೀರೆ, ಪಂಚೆ, ಬೆರಳು ಯಾವುದೂ ಅದಕ್ಕೆ ಸಿಗುವುದಿಲ್ಲ. ನಮ್ಮ ಗಾಡಿಗಳಲ್ಲಿ ಆ ಪೆಟ್ಟಿಗೆಯ ಕೆಲಸ ಮಾಡುವುದು ತೆಳು ತಗಡಿನ ಒಂದು ಕವರು.

ನಾವು 15 ಹಾಕಿಸಿದೆವು. ಒಂದು ತಿಂಗಳು ಡೈರಿಯಲ್ಲಿ ಪೆಟ್ರೋಲು, ಕಿಲೋಮೀಟರು ಬರೆದಿಟ್ಟೆವು. ಶಿವಮೊಗ್ಗ ಕಡೆಯ ಸಮತಟ್ಟು ರಸ್ತೆಯಲ್ಲಿ ಲೀಟರಿಗೆ ಒಂದೆರಡು ಕಿಲೋಮೀಟರ್ ಹೆಚ್ಚು ಬಂತು. ಮಲೆನಾಡಿನ ಒಳದಾರಿಯಲ್ಲಿ ಏನೂ ಇಲ್ಲ. ಕಾರಣ ಸರಳ. ಮೊದಲು ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ದಿಬ್ಬಕ್ಕೆ ಈಗ ಮೂರನೆಯದು ಬೇಕು, ಮೂರರಲ್ಲಿ ಹತ್ತುತ್ತಿದ್ದದ್ದಕ್ಕೆ ಎರಡು. ಉಳಿಸಿದ್ದನ್ನೆಲ್ಲ ದಿಬ್ಬ ವಾಪಸು ತಿನ್ನುತ್ತಿತ್ತು.

ಮೈಲೇಜು ಹೋದರೆ ಹೋಗಲಿ. ಹೆದರಿಕೆ ಹುಟ್ಟಿದ್ದು ಇಳಿಜಾರಿನಲ್ಲಿ. ಆಗುಂಬೆ ಘಾಟಿಯ 14 ತಿರುವು ನಮಗೆ ಅಂಗಳವಿದ್ದ ಹಾಗೆ. ಯಾವ ತಿರುವಿಗೆ ಯಾವ ಗೇರು ಅಂತ ಕೈಕಾಲಿಗೇ ಗೊತ್ತು. ಜುಲೈ ತಿಂಗಳಲ್ಲಿ ರಸ್ತೆ ಬದಿ ಮಣ್ಣು ಕುಸಿದಿದೆ ಅಂತ ಫೋನು ಬಂತು. ಇಬ್ಬರೂ ಹೊರಟೆವು. ಮಂಜು, ಜಡಿಮಳೆ, ರಸ್ತೆ ಪೂರಾ ನೀರು. ಎಂದಿನಂತೆ ಅದೇ ಗೇರಿಗೆ ಹಾಕಿ ಇಳಿಸಿದರೆ ಗಾಡಿ ಹಿಡಿದುಕೊಳ್ಳುತ್ತಲೇ ಇಲ್ಲ, ಮುಂದೆ ಮುಂದೆ ಹೋಗುತ್ತಿದೆ. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದಲ್ಲ, ಹಲ್ಲು ಬದಲಿಸಿದಾಗ ಆ ಜಗ್ಗುವ ಬಲವೂ ತಗ್ಗಿತ್ತು. ನಮಗೆ ಅದರ ನೆನಪೇ ಇರಲಿಲ್ಲ. ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟವರು ತೆಗೆಯಲಿಲ್ಲ. ಆರೇಳು ತಿರುವು ದಾಟುವಷ್ಟರಲ್ಲಿ ಬ್ರೇಕು ಮೆತ್ತಗಾಗಿ, ಸುಟ್ಟ ವಾಸನೆ ಬಂತು. ಒಂದು ತಿರುವಿನಲ್ಲಿ ಗಾಡಿ ಅಗಲವಾಗಿ ಹೋಗಿ ಎದುರಿನ ಮಿನಿ ಬಸ್ಸಿನ ಕನ್ನಡಿ ಹಿಂದೆ ಕೂತವನ ಭುಜಕ್ಕೆ ಸವರಿತು. ಬಸ್ಸಿನವನು ಬೈದದ್ದು ನ್ಯಾಯವಾಗಿತ್ತು.

ನೂರಕ್ಕೆ ಏಳು ಅಂದರೆ ದೊಡ್ಡದೇನಲ್ಲ, ಒಂದು ಗೇರು ಕಡಿಮೆ ಮಾಡಿ ಇಳಿದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ಈಗ ಅನಿಸುತ್ತದೆ. ಅದು ನಿಜ ಕೂಡ. ಆದರೆ ಹಲ್ಲು ಬದಲಿಸಿದಾಗ ಸವಾರನ ಅಭ್ಯಾಸವೂ ಬದಲಾಗಬೇಕು ಅಂತ ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ. ನಾವೂ ಕೇಳಲಿಲ್ಲ.

ಮರುದಿನವೇ ಗ್ಯಾರೇಜಿಗೆ ಹೋಗಿ ಬೇಡಪ್ಪಾ ಅಂದೆವು. ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳಲಿಲ್ಲ. 'ಹಂಗಾದ್ರೆ ನಿಮಗೆ ಪಿಕಪ್ ಬೇಕು' ಅಂದ. ಮುಂದೆ ಹಳೆಯ 14ನ್ನೇ ಕೂರಿಸಿ ಹಿಂದೆ 45 ಹಲ್ಲಿನದು ಹಾಕಿದ. ಹಾಲಿನ ಕ್ಯಾನು ಹೊರುವವರು, ಮೀನು ಮಾರುವವರು, ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಹೋಗುವವರೆಲ್ಲ ಹೀಗೇ ಮಾಡಿಸಿಕೊಳ್ಳುತ್ತಾರಂತೆ. ಇದರಲ್ಲಿ ತಪ್ಪಿಲ್ಲ. ಭಾರ ಹೊತ್ತು ಘಾಟಿ ಹತ್ತುವವನಿಗೆ ಬೇಕಾದದ್ದು ಇದೇ. ಕ್ಲಚ್ಚು ಉಳಿಯುತ್ತದೆ, ಇಳಿಯುವಾಗ ಗಾಡಿ ಹಿಡಿತದಲ್ಲಿರುತ್ತದೆ. ಮೈಲೇಜಿನ ಆಸೆಗೆ ಮುಂದಿನದನ್ನು ದೊಡ್ಡದು ಮಾಡುವುದಕ್ಕಿಂತ ಮಲೆನಾಡಿನವರಿಗೆ ಇದು ಎಷ್ಟೋ ವಾಸಿ ಅಂತ ನಮ್ಮ ಅಭಿಪ್ರಾಯ. ಕಂಪನಿ ಕೊಟ್ಟ ಹಲ್ಲನ್ನೇ ಇಟ್ಟುಕೊಂಡು ಸರಿಯಾದ ಗೇರಿನಲ್ಲಿ ಓಡಿಸುವುದು ಅದಕ್ಕಿಂತಲೂ ವಾಸಿ, ಅದು ಬೇರೆ ಮಾತು.

ತೊಂದರೆ ಶುರುವಾದದ್ದು ಕವರ್ ಮುಚ್ಚುವಾಗ. 42ರ ಜಾಗದಲ್ಲಿ 45 ಕೂತರೆ ಸ್ಪ್ರಾಕೆಟ್ ಸುತ್ತಲೂ ಆರು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಚೈನು ಕವರಿನ ಒಳಮೈಗೆ ತಾಗಿ ಕರಕರ ಅನ್ನತೊಡಗಿತು. ಮೆಕ್ಯಾನಿಕ್ ಎರಡು ಸಲ ತಗಡು ಬಡಿದು ನೋಡಿದ. ಮೂರನೇ ಸಲ ಕವರನ್ನೇ ಬಿಚ್ಚಿ ಮೊಳೆಗೆ ಹಾಕಿದ. 'ಇದಿಲ್ಲದಿದ್ರೆ ಒಳ್ಳೇದೇ ಸರ್, ಚೈನು ಟೈಟು ಮಾಡೋದು ಸಲೀಸು.' ನಾವು ತಲೆ ಆಡಿಸಿ ದುಡ್ಡು ಕೊಟ್ಟು ಬಂದೆವು. ಪ್ಯಾಂಟು ಹಾಕುವ ಇಬ್ಬರು ಗಂಡಸರಿಗೆ ಅದೊಂದು ನಷ್ಟ ಅನಿಸಲೇ ಇಲ್ಲ.

ಅಡಿಕೆ ಕೊಯ್ಲು ಶುರುವಾದ ಹೊತ್ತಿಗೆ ಒಂದು ಸಂಜೆ ಪೊಲೀಸ್ ಸ್ಟೇಷನ್ನಿಂದ ಸುದ್ದಿ ಸಿಕ್ಕಿತು. ಬೈಕಿನಿಂದ ಬಿದ್ದು ಒಬ್ಬ ಹೆಂಗಸಿಗೆ ಪೆಟ್ಟಾಗಿದೆ. ನಾವು ಐದು ಸಾಲು ಬರೆದು ಕಳಿಸಿದೆವು. 'ಬೈಕ್ ಆಯತಪ್ಪಿ ಬಿದ್ದು ಮಹಿಳೆಗೆ ಗಾಯ.' ಅಚ್ಚಾಯಿತು.

ಈ 'ಆಯತಪ್ಪಿ' ಅನ್ನುವ ಪದದ ಬಗ್ಗೆ ಒಂದು ಮಾತು. ನಮ್ಮ ಕಸುಬಿನಲ್ಲಿ ಇದು ಬಹಳ ಉಪಕಾರಿ. ಬ್ರೇಕು ಹಿಡಿಯದೆ ಬಿದ್ದರೂ ಆಯತಪ್ಪಿ, ಗುಂಡಿಗೆ ಇಳಿದು ಬಿದ್ದರೂ ಆಯತಪ್ಪಿ, ನಾಯಿ ಅಡ್ಡ ಬಂದರೂ ಆಯತಪ್ಪಿ. ಹಾಗೆ ಬರೆದರೆ ಗುಂಡಿ ಮುಚ್ಚದವರನ್ನು ಕೇಳುವ ಹಾಗಿಲ್ಲ, ಗಾಡಿ ನೋಡುವ ಹಾಗಿಲ್ಲ, ಸ್ಟೇಷನ್ನಿಗೆ ಎರಡನೇ ಸಲ ಫೋನು ಮಾಡುವ ಹಾಗಿಲ್ಲ. ಡಿಪ್ಲೊಮಾ ಓದುವಾಗ ಯಾರು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಕಲಿತದ್ದರಲ್ಲಿ ಯಾಕೆ ಮತ್ತು ಹೇಗೆ ಎರಡನ್ನೂ ಈ ಒಂದು ಪದ ನುಂಗಿಹಾಕುತ್ತದೆ.

ನಾಲ್ಕು ದಿನ ಬಿಟ್ಟು ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಹೋದಾಗ ಆ ಹೆಂಗಸಿನ ತಮ್ಮ ಸಿಕ್ಕಿದ. ಪೇಪರಿನವರು ಅಂತ ಗೊತ್ತಾದ ಮೇಲೆ ಮೊದಲ ಮಾತೇ, 'ಆಯ ತಪ್ಪಿದ್ದಲ್ಲ ಮಾರಾಯ್ರೆ, ಅಕ್ಕನ ಸೆರಗು ಚೈನಿಗೆ ಸುತ್ತಿಕೊಂಡು ಎಳ್ಕೊಂಡು ಹೋಗಿದ್ದು. ನೀವು ಕೇಳೇ ಇಲ್ವಲ್ಲ.'

ಕೇಳಿರಲಿಲ್ಲ. ಭಾವನ ಗಾಡಿಗೆ ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿಸಿದ್ದರು, ಗೊಬ್ಬರದ ಚೀಲ ಹೊರಲು ಅನುಕೂಲವಾಗಲಿ ಅಂತ. ಕವರು ತಾಗುತ್ತದೆಂದು ಬಿಚ್ಚಿಟ್ಟಿದ್ದರು. ಯಾವ ಗ್ಯಾರೇಜು ಅಂತ ನಾವು ಕೇಳಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಅಕ್ಕನಿಗೆ ಎಡಪಾದದ ಮೇಲೆ ಹೊಲಿಗೆ, ಮೊಣಕೈ ಮುರಿತ. ಅಡಿಕೆ ಸುಲಿಯಲು ಹೋಗುವವರು ಅವರು. ಸುಲಿದಷ್ಟಕ್ಕೆ ಕೂಲಿ, ನಮಗೆ ಬರೆದಷ್ಟಕ್ಕೆ ಇದ್ದ ಹಾಗೆ. ಆ ಸೀಸನ್ ಪೂರ್ತಿ ಅವರ ಮೆಟ್ಟುಗತ್ತಿ ಬೇರೆಯವರ ಕೈಯಲ್ಲಿತ್ತು.

ನಮ್ಮ ಕಡೆ ಓಡುವ ಹೆಚ್ಚಿನ ಗಾಡಿಗಳಿಗೆ ಚೈನು ಎಡಗಡೆ. ಸೀರೆ ಉಟ್ಟವರು ಒಂದೇ ಬದಿಗೆ ಕೂರುವುದೂ ಎಡಕ್ಕೇ ಕಾಲು ಬಿಟ್ಟು. ಅಂದರೆ ನೆರಿಗೆ, ಸೆರಗು, ಮಗುವಿಗೆ ಹೊದಿಸಿದ ಬಟ್ಟೆಯ ತುದಿ ಎಲ್ಲವೂ ಚೈನಿನ ಮೇಲೇ ಇಳಿಬೀಳುತ್ತವೆ. ಸೀರೆ ಗಾರ್ಡ್ ಇದೆಯಲ್ಲ ಅನ್ನಬಹುದು. ಅದು ಚಕ್ರದ ಕಡ್ಡಿಗೆ ಬಟ್ಟೆ ಹೋಗದಂತೆ ತಡೆಯುತ್ತದೆ. ಚೈನು ಸ್ಪ್ರಾಕೆಟ್ಟಿಗೆ ಸೇರುವ ಬಾಯಿಗೆ ಅದು ಅಡ್ಡ ಬರುವುದಿಲ್ಲ, ಅಲ್ಲಿ ಕವರೇ ಬೇಕು. ಚೈನು ಒಮ್ಮೆ ಬಟ್ಟೆ ಕಚ್ಚಿದರೆ ಒಂದು ಸುತ್ತಿಗೆ ಒಂದು ಮೊಳಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಕೂಗುವಷ್ಟು ಸಮಯವೂ ಸಿಗುವುದಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಕೆಲವರು ಕೇಳಿದರು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 123ನೇ ನಿಯಮದಲ್ಲಿ ಹಿಂದೆ ಕೂರುವವರಿಗಾಗಿ ಮೂರು ವಸ್ತು ಕಡ್ಡಾಯ: ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಗಾರ್ಡ್. ಸ್ಪ್ರಾಕೆಟ್ಟಿನ ಹಲ್ಲಿನ ಲೆಕ್ಕ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ರಸ್ತೆಯಲ್ಲಿ ಹೆಲ್ಮೆಟ್, ಇನ್ಶೂರೆನ್ಸ್ ನೋಡುವವರು ಬಗ್ಗಿ ಚೈನು ನೋಡಿದ್ದನ್ನು ನಾವಂತೂ ಕಂಡಿಲ್ಲ. ಹಾಗಾಗಿ ಇದನ್ನು ಪೊಲೀಸರು ಸರಿಮಾಡುತ್ತಾರೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ಮೆಕ್ಯಾನಿಕ್ಕುಗಳನ್ನು ಮಾತ್ರ ಬೈಯುವುದಕ್ಕೂ ನಮಗೆ ಮನಸ್ಸಿಲ್ಲ. ಅರ್ಧ ಗಂಟೆಯಲ್ಲಿ ಗಾಡಿ ಕೊಡು, ನೂರು ರೂಪಾಯಿ ಕಡಿಮೆ ಮಾಡು ಅಂತ ತಲೆ ಮೇಲೆ ಕೂರುವವರು ನಾವೇ. ಕವರ್ ಇದ್ದರೆ 'ಮುದುಕರ ಗಾಡಿ' ತರಹ ಕಾಣುತ್ತದೆಂದು ಹೊಸ ಗಾಡಿ ತಂದ ವಾರಕ್ಕೇ ಬಿಚ್ಚಿಸುವ ಹುಡುಗರೂ ಇದ್ದಾರೆ. ಆದರೂ ಬಿಚ್ಚಿದ ಕವರನ್ನು ಗಿರಾಕಿಯ ಕೈಗೆ ಕೊಡದೆ ಮೊಳೆಗೆ ಹಾಕುವುದು ಸರಿಯಲ್ಲ. ಮನೆಗೆ ಹೋದರೆ ಯಾರಾದರೂ 'ಇದೇನು' ಅಂತ ಕೇಳಿಯಾರು. ಗೋಡೆಯ ಮೇಲಿದ್ದರೆ ಕೇಳುವವರಿಲ್ಲ.

ಸ್ಪ್ರಾಕೆಟ್ ಬದಲಿಸಲೇಬೇಕು ಅನ್ನುವವರಿಗೆ ನಾವು ದುಡ್ಡು ಕೊಟ್ಟು ಕಲಿತ ಕೆಲವು ವಿಷಯ ಹೇಳುತ್ತೇವೆ. ಹಳೆ ಚೈನಿಗೆ ಹೊಸ ಸ್ಪ್ರಾಕೆಟ್, ಹೊಸ ಚೈನಿಗೆ ಹಳೆ ಸ್ಪ್ರಾಕೆಟ್ ಹಾಕಿಸಬೇಡಿ. ಹಳೆಯದು ಹೊಸದನ್ನು ಬೇಗ ತಿನ್ನುತ್ತದೆ. ಮೂರನ್ನೂ ಒಟ್ಟಿಗೇ ಬದಲಿಸಿ. ಸವೆದಿದೆಯೋ ಇಲ್ಲವೋ ತಿಳಿಯಲು ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಅದರ ಕಾಲ ಮುಗಿಯಿತು. ಹಲ್ಲಿನ ತುದಿ ಕುಡುಗೋಲಿನ ಹಾಗೆ ಬಾಗಿದ್ದರೂ ಅಷ್ಟೇ. ಚೈನ್ ಡಬ್ಬದ ಮೇಲೆ 428, 520 ಅಂತ ಇರುತ್ತದೆ. ಮೊದಲ ಅಂಕಿ ಕೊಂಡಿಯಿಂದ ಕೊಂಡಿಗೆ ಇರುವ ದೂರ, ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ. 4 ಅಂದರೆ ಅರ್ಧ ಇಂಚು, 5 ಅಂದರೆ ಎಂಟರಲ್ಲಿ ಐದು. ಸ್ಪ್ರಾಕೆಟ್ಟೂ ಅದೇ ಅಳತೆಯದಿರಬೇಕು. ಹಿಂದೆ ಮೂರು ಹಲ್ಲು ಹೆಚ್ಚಿಸಿದರೆ ಹಳೆ ಉದ್ದದ ಚೈನು ಸಾಲದೆ ಚಕ್ರ ಒಂದು ಸೆಂಟಿಮೀಟರಿನಷ್ಟು ಮುಂದೆ ಬರಬೇಕಾಗುತ್ತದೆ, ಅಷ್ಟು ಜಾಗ ಇಲ್ಲದಿದ್ದರೆ ಉದ್ದದ ಚೈನೇ ಬೇಕು. ಚೈನಿನ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ, ತೆರೆದ ಬಾಯಿ ಹಿಂದಕ್ಕೆ. ಉಲ್ಟಾ ಹಾಕಿದರೆ ಏನಾದರೂ ತಾಗಿ ಕಳಚಿಕೊಳ್ಳಬಹುದು. ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ಓಡುವುದಾದರೆ ಹಲ್ಲು ಬದಲಿಸಿದರೂ ಸರಿಯಾಗಿಯೇ ತೋರಿಸುತ್ತದೆ, ಗೇರ್ ಬಾಕ್ಸಿನಿಂದ ಓಡುವುದಾದರೆ ತಪ್ಪು ತೋರಿಸುತ್ತದೆ.

ಮತ್ತೊಂದು. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಚಾಲೂ ಇಟ್ಟು, ಓಡುವ ಚೈನಿಗೆ ಬಟ್ಟೆ ಹಿಡಿದು ಒರೆಸುವವರಿದ್ದಾರೆ. ದಯವಿಟ್ಟು ಬೇಡ. ಬಟ್ಟೆಯ ಹಿಂದೆಯೇ ಬೆರಳೂ ಹೋಗುತ್ತದೆ. ಇಂಜಿನ್ ಆರಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಎಣ್ಣೆ ಹಾಕಿ.

ಕವರಿನ ವಿಷಯಕ್ಕೆ ಬಂದರೆ ದಾರಿ ಎರಡೇ. ಕವರು ಕೂರುವಷ್ಟೇ ಹಲ್ಲು ಹಾಕಿಸಿ, ಇಲ್ಲವೇ ದೊಡ್ಡ ಸ್ಪ್ರಾಕೆಟ್ಟಿಗೆ ಹೊಂದುವ ಕವರು ಹುಡುಕಿ ತನ್ನಿ. ಎರಡೂ ಆಗದಿದ್ದರೆ ಹಲ್ಲು ಬದಲಿಸುವುದು ಬಿಡಿ. 'ಸೀರೆ ಎತ್ತಿ ಹಿಡ್ಕೊಂಡು ಕೂತ್ಕೋ' ಅಂತ ಮನೆಯವರಿಗೆ ಹೇಳುವುದು ಮೂರನೇ ದಾರಿಯಲ್ಲ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಚೀಲ ಇರುವವರು ಯಾವ ಕೈಯಲ್ಲಿ ಎತ್ತಿ ಹಿಡಿಯುತ್ತಾರೆ?

ನಮ್ಮ ಸಹೋದ್ಯೋಗಿಗಳಿಗೂ ಒಂದು ಕೋರಿಕೆ. ಬೈಕಿನಿಂದ ಬಿದ್ದ ಸುದ್ದಿ ಬಂದಾಗ ಬಿದ್ದವರು ಹೆಂಗಸಾಗಿದ್ದರೆ ಒಂದು ಪ್ರಶ್ನೆ ಹೆಚ್ಚು ಕೇಳಿ, ಗಾಡಿಗೆ ಚೈನ್ ಕವರ್ ಇತ್ತಾ? ಪೊಲೀಸರಿಗೆ ಗೊತ್ತಿಲ್ಲದಿದ್ದರೆ ಸ್ಟೇಷನ್ ಮುಂದೆ ನಿಲ್ಲಿಸಿದ ಗಾಡಿಯನ್ನೇ ಬಗ್ಗಿ ನೋಡಿ. ಇರಲಿಲ್ಲ ಅನ್ನುವ ಒಂದು ಸಾಲು ಸುದ್ದಿಯಲ್ಲಿ ಸೇರಿಸಿ. ಡೆಸ್ಕಿನವರು ಜಾಗವಿಲ್ಲ ಅಂತ ಕತ್ತರಿಸಬಹುದು. ನಮ್ಮದನ್ನು ಎರಡು ಸಲ ಕತ್ತರಿಸಿದ್ದಾರೆ, ಒಂದು ಸಲ ಬಂದಿದೆ.

ಆ ಅಕ್ಕನ ಹೆಸರು, ಊರು ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇವೆ. ಅವರ ಮೊಣಕೈ ಈಗ ಮುಕ್ಕಾಲು ಪಾಲು ಮಡಚುತ್ತದಂತೆ.

ಹೋದ ವಾರ ನಾವು ಗ್ಯಾರೇಜಿಗೆ ಹೋಗಿದ್ದು ಹಿಂದಿನ 45 ತೆಗೆಸಿ 42 ಹಾಕಿಸಲು. ಗೋಡೆಯಿಂದ ನಮ್ಮ ಕವರು ಇಳಿಸಿಕೊಡು ಅಂದೆವು. ಹುಡುಗ ಸ್ಟೂಲು ಹತ್ತಿ 'ಯಾವುದು ಸರ್ ನಿಮ್ಮದು' ಅಂತ ಕೇಳಿದ. ನಮಗೂ ತಕ್ಷಣ ಗೊತ್ತಾಗಲಿಲ್ಲ, ಬಡಿದ ಗುರುತು ನೋಡಿ ಹುಡುಕಿದೆವು. ಬೋಲ್ಟು ಎರಡು ಕಳೆದುಹೋಗಿದ್ದವು. ಹೊಸವು ತಂದು ಹಾಕಿಸಿದೆವು, ಇಪ್ಪತ್ತು ರೂಪಾಯಿ. ಗೋಡೆಯಲ್ಲಿ ಇನ್ನೂ 10 ಇವೆ.